ಅಭ್ಯಾಸದಲ್ಲಿ 5.20, ಕೂಟದಲ್ಲಿ ಫೌಲ್: ಮಗಳ ಓಟಕ್ಕೂ ಅಪ್ಪನ ಸಭೆಗೂ ಎರಡು ಬೇರೆ ಮದ್ದು

ಉಡುಪಿಯ ಓದುಗರೊಬ್ಬರ ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಪ್ರಥಮ ಪಿಯುಸಿ. ಎರಡು ವರ್ಷದಿಂದ ಅಜ್ಜರಕಾಡು ಮೈದಾನದಲ್ಲಿ ಲಾಂಗ್ ಜಂಪ್ ಅಭ್ಯಾಸ ಮಾಡುತ್ತಿದ್ದಾಳೆ. ಅಭ್ಯಾಸದಲ್ಲಿ 5.20 ಮೀಟರ್ ಹಾರುತ್ತಾಳೆ. ಕೂಟದಲ್ಲಿ ಮಾತ್ರ ಮೂರರಲ್ಲಿ ಎರಡು ಫೌಲ್, ಉಳಿದ ಒಂದು 4.85. ‘ಟೆನ್ಶನ್ ಮಾಡ್ಕೊಳ್ಬೇಡ ಮಗಾ’ ಅಂತ ಬೇಲಿ ಪಕ್ಕ ನಿಂತು ಎಷ್ಟು ಹೇಳಿದರೂ ಪ್ರಯೋಜನ ಇಲ್ಲ. ನನಗೂ ಇಂಥದ್ದೇ ತೊಂದರೆ. ಸಹಕಾರಿ ಸಂಘವೊಂದರಲ್ಲಿ ಶಾಖಾ ವ್ಯವಸ್ಥಾಪಕನಾಗಿದ್ದೇನೆ. ತಿಂಗಳ ಪರಿಶೀಲನಾ ಸಭೆಯಲ್ಲಿ ವಸೂಲಾತಿಯ ಅಂಕಿ ಕೇಳಿದರೆ ಬಾಯಿಪಾಠ ಬರುವುದೂ ಮರೆತುಹೋಗುತ್ತದೆ. ಇದು ನನ್ನಿಂದ ಅವಳಿಗೆ ಬಂದದ್ದಾ? ಏನು ಮಾಡಬಹುದು? ನಾನು ಕೂಟಕ್ಕೆ ಹೋಗದೆ ಇರುವುದೇ ಒಳ್ಳೆಯದಾ?

ಉತ್ತರ:

ಬೇಗ ಆತಂಕಗೊಳ್ಳುವ ಸ್ವಭಾವದಲ್ಲಿ ಅನುವಂಶೀಯತೆಗೆ ಒಂದಷ್ಟು ಪಾಲಿದೆ, ನಿಜ. ಆದರೆ ಆತಂಕವಾಗುವುದು ಬೇರೆ, ಆತಂಕದಲ್ಲಿ ಕೆಲಸ ಕೆಡುವುದು ಬೇರೆ. ಎರಡನೆಯದು ರಕ್ತದಲ್ಲಿ ಬರುವಂಥದ್ದಲ್ಲ. ಅಭ್ಯಾಸ ಮಾಡಿದ ರೀತಿಯಿಂದ ಬರುತ್ತದೆ, ಅಭ್ಯಾಸದ ರೀತಿ ಬದಲಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಆ ಅಪರಾಧ ಪ್ರಜ್ಞೆಯನ್ನು ಇಲ್ಲಿಗೇ ಬಿಟ್ಟುಬಿಡಿ.

ನಿಮ್ಮಿಬ್ಬರ ತೊಂದರೆ ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ನಡೆಯುವುದು ಹೆಚ್ಚುಕಡಿಮೆ ತದ್ವಿರುದ್ಧ. ಮಗಳ ಗಮನ ಹೋಗಬಾರದ ಕಡೆ, ಅಂದರೆ ತನ್ನದೇ ಕಾಲಿನ ಕಡೆ, ವಿಪರೀತ ಹೋಗುತ್ತಿರಬೇಕು. ನಿಮ್ಮದು ಚಿಂತೆಗೇ ಖರ್ಚಾಗಿ, ಬೇಕಾದ ಅಂಕಿಯ ಕಡೆಗೆ ಸಾಕಾಗುತ್ತಿಲ್ಲ. ಹಾಗಾಗಿ ಒಬ್ಬರ ಮದ್ದು ಇನ್ನೊಬ್ಬರಿಗೆ ಆಗದು. ಅವಳು ಹಾರುವಾಗ ಯೋಚನೆ ಕಡಿಮೆ ಮಾಡಬೇಕು, ನೀವು ಸಭೆಗೆ ಮೊದಲು ಯೋಚನೆಯನ್ನು ಕಾಗದದ ಮೇಲೆ ಇಳಿಸಬೇಕು.

ಮೊದಲು ಟೇಪು, ಆಮೇಲೆ ಮನಸ್ಸು

5.20 ಮತ್ತು 4.85ರ ನಡುವಿನ 35 ಸೆಂಟಿಮೀಟರ್ ಪೂರ್ತಿಯಾಗಿ ಮನಸ್ಸಿನದ್ದು ಎಂದು ಈಗಲೇ ತೀರ್ಮಾನಿಸಬೇಡಿ. ಅಭ್ಯಾಸದಲ್ಲಿ ಅಳತೆ ಎಲ್ಲಿಂದ ತೆಗೆಯುತ್ತಾರೆ ಎಂದು ನೋಡಿದ್ದೀರಾ? ಅನೇಕ ಮೈದಾನಗಳಲ್ಲಿ ಪಾದ ಎಲ್ಲಿಂದ ಎದ್ದಿತೋ ಅಲ್ಲಿಂದಲೇ ಟೇಪು ಹಿಡಿಯುವ ರೂಢಿ ಇದೆ. ಕೂಟದಲ್ಲಿ ಬೋರ್ಡಿನ, ಅಂದರೆ ಜಿಗಿಯಲು ಪಾದ ಊರುವ ಹಲಗೆಯ, ಮರಳಿನ ಕಡೆಯ ಅಂಚಿನಿಂದ ಅಳೆಯುತ್ತಾರೆ. ಪಾದ ಆ ಅಂಚು ದಾಟಿದರೆ ಫೌಲ್. ಬೋರ್ಡಿನ ಅಗಲ 20 ಸೆಂಟಿಮೀಟರ್. ಆ ಅಂಚಿಗಿಂತ 18 ಸೆಂಟಿಮೀಟರ್ ಹಿಂದೆ ಪಾದ ಬಿದ್ದರೆ ಅಷ್ಟೂ ಹೋಯಿತು. ಇನ್ನೊಂದು ವಿಷಯ: ಅಭ್ಯಾಸದ ದಿನ ಅವಳು ಹತ್ತು ಹನ್ನೆರಡು ಸಲ ಹಾರುತ್ತಾಳೆ, ನೆನಪಲ್ಲಿ ಉಳಿಯುವುದು ಅದರಲ್ಲಿ ಅತಿ ಉದ್ದದ್ದು. ಕೂಟದಲ್ಲಿ ಸಿಗುವುದು ಮೂರು ಅವಕಾಶ. ಮುಂದಿನ ಮೂರು ಸಿಗುವುದು ಮೊದಲ ಎಂಟು ಮಂದಿಗೆ ಮಾತ್ರ. ಹನ್ನೆರಡರಲ್ಲಿ ಒಳ್ಳೆಯದನ್ನು ಮೂರರಲ್ಲಿ ಒಳ್ಳೆಯದಕ್ಕೆ ಹೋಲಿಸಿದರೆ ಯಾವ ಕ್ರೀಡಾಪಟುವೂ ಕೂಟದಲ್ಲಿ ಸೋತಂತೆಯೇ ಕಾಣುತ್ತಾರೆ.

ಎರಡು ವಾರ ಒಂದು ನೋಟ್‌ಬುಕ್ ಇಡಿ. ಪ್ರತಿ ಅಭ್ಯಾಸದ ಮೊದಲ ಮೂರು ಪೂರ್ಣ ರನಪ್ (ಜಿಗಿಯುವ ಮೊದಲಿನ ಓಟ) ಜಿಗಿತಗಳನ್ನು ಮಾತ್ರ, ಬೋರ್ಡಿನ ಅಂಚಿನಿಂದ ಅಳೆದು ಬರೆಯಿರಿ. ಫೌಲ್ ಆದರೆ ಎಷ್ಟು ಸೆಂಟಿಮೀಟರ್ ಮುಂದೆ ಎಂಬುದನ್ನೂ ಬರೆಯಬೇಕು. ಬಹಳ ಮಂದಿ ಫೌಲನ್ನು ‘ಎಕ್ಸ್’ ಎಂದು ಗೀಚಿ ಬಿಟ್ಟುಬಿಡುತ್ತಾರೆ. ಅತಿ ಉಪಯುಕ್ತ ಮಾಹಿತಿ ಇರುವುದು ಆ ಎಕ್ಸ್‌ನಲ್ಲೇ.

ಕೋಚ್ ಅವರನ್ನು ಕೇಳಿ ಬೋರ್ಡಿಗೆ ಆರು ಹೆಜ್ಜೆ ಮೊದಲು ಒಂದು ಚೆಕ್ ಮಾರ್ಕ್ ಇಡಿಸಿ. ಪ್ರತಿ ಓಟದಲ್ಲಿ ಪಾದ ಅದರ ಹಿಂದೆ ಬಿತ್ತೇ, ಮುಂದೆ ಬಿತ್ತೇ, ಎಷ್ಟು ಎಂದು ಇನ್ನೊಬ್ಬರು ಬದಿಯಲ್ಲಿ ನಿಂತು ನೋಡಬೇಕು. ಫೋನಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿದರೂ ಸಾಕು. ಅಭ್ಯಾಸದಲ್ಲೇ ಆ ಪಾದ ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ ಎಂದು ಚೆಲ್ಲಾಪಿಲ್ಲಿಯಾಗುತ್ತಿದ್ದರೆ ಅವಳ ರನಪ್ ಇನ್ನೂ ಪಕ್ವವಾಗಿಲ್ಲ. ಅದು ಕೋಚ್ ಸರಿಪಡಿಸಬೇಕಾದ ಕೆಲಸ, ಮನಶ್ಶಾಸ್ತ್ರಕ್ಕೆ ಅಲ್ಲಿ ಪಾತ್ರವಿಲ್ಲ. ಅಭ್ಯಾಸದಲ್ಲಿ ಸರಿಯಾಗಿ ಬೀಳುವ ಪಾದ ಕೂಟದಲ್ಲಿ ಮಾತ್ರ ಪ್ರತಿ ಸಲವೂ ಮಾರ್ಕ್ ದಾಟಿ ಬೋರ್ಡಿನ ಕಡೆಗೆ ಬೀಳುತ್ತದೆಯೇ? ಹಾಗಿದ್ದರೆ ಅಡ್ರಿನಲಿನ್‌ನಿಂದ ಹೆಜ್ಜೆ ಉದ್ದವಾಗುತ್ತಿದೆ. ಇದು ಹೆದರಿಕೆಯಲ್ಲ, ಹೆಚ್ಚಿದ ಶಕ್ತಿ. ರನಪ್ ಆರಂಭದ ಗುರುತನ್ನು ಅಷ್ಟೇ ಹಿಂದಕ್ಕೆ ಸರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಚೆಕ್ ಮಾರ್ಕ್ ಸರಿಯಾಗಿದ್ದೂ ಕೊನೆಯಲ್ಲಿ ಕಾಲು ಚಾಚಿಯೋ ಚಿಕ್ಕ ಹೆಜ್ಜೆ ಇಟ್ಟೋ ಕೆಡಿಸಿಕೊಳ್ಳುತ್ತಿದ್ದರೆ ಮಾತ್ರ ಅದು ಗಮನದ ತೊಂದರೆ. ಮುಂದೆ ಬರೆದಿರುವುದು ಈ ಮೂರನೆಯದರ ಬಗ್ಗೆ.

ಕಾಲಿಗೆ ಗೊತ್ತಿರುವುದನ್ನು ತಲೆ ಕಿತ್ತುಕೊಂಡಾಗ

1982ರಲ್ಲಿ ಲೀ, ಲಿಶ್‌ಮನ್, ಥಾಮ್ಸನ್ ಎಂಬ ಮೂವರು ಸಂಶೋಧಕರು ಲಾಂಗ್ ಜಂಪ್ ಆಟಗಾರ್ತಿಯರ ಓಟವನ್ನು ಚಿತ್ರೀಕರಿಸಿ ಪ್ರತಿ ಹೆಜ್ಜೆಯನ್ನೂ ಅಳೆದರು. ಅಲ್ಲಿಯ ತನಕ ‘ರನಪ್ ಎಂದರೆ ಪ್ರತಿ ಸಲವೂ ಒಂದೇ ಅಳತೆಯ ಹೆಜ್ಜೆ’ ಎಂಬ ನಂಬಿಕೆಯಿತ್ತು. ಕಂಡದ್ದು ಬೇರೆಯೇ. ಓಡುತ್ತಾ ಹೋದಂತೆ ಹೆಜ್ಜೆಗಳ ಸಣ್ಣ ವ್ಯತ್ಯಾಸಗಳು ಕೂಡಿಕೊಂಡು ದೊಡ್ಡದಾಗುತ್ತವೆ. ಬೋರ್ಡು ಹತ್ತಿರವಾದಾಗ, ಕೊನೆಯ ಕೆಲವು ಹೆಜ್ಜೆಗಳಲ್ಲಿ, ಕಣ್ಣು ಕೊಟ್ಟ ಮಾಹಿತಿಯಿಂದ ಕಾಲು ತಾನಾಗಿಯೇ ಹೊಂದಿಸಿಕೊಂಡು ವ್ಯತ್ಯಾಸ ಇಳಿಯುತ್ತದೆ. ಬಸ್ ಹಿಡಿಯಲು ಓಡುವವರು ಫುಟ್‌ಪಾತಿನ ಅಂಚಿಗೆ ಎಡವದೆ ಹತ್ತುವುದು ಇದೇ ಸಾಮರ್ಥ್ಯದಿಂದ. ಯಾರೂ ಲೆಕ್ಕ ಹಾಕಿ ಹತ್ತುವುದಿಲ್ಲ.

ಈಗ ಕೂಟದ ದಿನ ನೆನಪಿಸಿಕೊಳ್ಳಿ. ಒಂದು ಫೌಲ್ ಆಗಿದೆ. ಬೇಲಿಯ ಕಡೆಯಿಂದ ‘ಬೋರ್ಡ್ ನೋಡು, ಫೌಲ್ ಮಾಡ್ಬೇಡ’ ಎಂಬ ದನಿ. ಅವಳು ಕೊನೆಯ ಹೆಜ್ಜೆಗಳನ್ನು ಬೇಕೆಂದೇ ಲೆಕ್ಕ ಹಾಕಿ ಇಡತೊಡಗುತ್ತಾಳೆ, ಬಗ್ಗಿ ಬೋರ್ಡು ನೋಡುತ್ತಾಳೆ. ತಲೆ ತಗ್ಗಿತು, ವೇಗ ತಗ್ಗಿತು, ತಾನಾಗಿ ಆಗಬೇಕಾದ ಹೊಂದಾಣಿಕೆ ಅರ್ಧಕ್ಕೆ ಮುರಿಯಿತು. ಹೀಗೆ ಹಾರಿದ ‘ಸೇಫ್’ ಜಿಗಿತವೇ ಆ 4.85.

ಮಾಸ್ಟರ್ಸ್ ಎಂಬ ಸಂಶೋಧಕ 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಗಾಲ್ಫ್‌ನ ಪಟ್ಟಿಂಗ್ (ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಸೇರಿಸುವುದು) ಕಲಿಯುವಾಗ ಕೆಲವರಿಗೆ ವಿವರವಾದ ಸೂಚನೆ ಕೊಡಲಾಯಿತು. ಕೆಲವರು ಸೂಚನೆಯಿಲ್ಲದೆ, ಬಾಯಲ್ಲಿ ಯಾದೃಚ್ಛಿಕ ಅಕ್ಷರಗಳನ್ನು ಹೇಳುತ್ತಾ ಕಲಿತರು. ಒತ್ತಡ ಬಂದಾಗ ಸೂಚನೆ ಪಡೆದವರ ಆಟವೇ ಹೆಚ್ಚು ತೊಂದರೆಗೆ ಸಿಕ್ಕಿತು. ತಲೆಯಲ್ಲಿ ನಿಯಮಗಳು ಹೆಚ್ಚಿದ್ದಷ್ಟೂ ಒತ್ತಡದಲ್ಲಿ ಅವುಗಳನ್ನು ಹೊರತೆಗೆದು ಕೈಕಾಲಿನ ಮೇಲೆ ಯಜಮಾನಿಕೆ ಮಾಡುವ ಅವಕಾಶವೂ ಹೆಚ್ಚು. ಕೂಟದ ದಿನ ಹೊಸ ತಾಂತ್ರಿಕ ಸಲಹೆ ಕೊಡಬಾರದು ಎಂದು ಅನುಭವಿ ತರಬೇತುದಾರರು ಹೇಳುವುದಕ್ಕೆ ಕಾರಣ ಇದೇ.

‘ಮಾಡ್ಬೇಡ’ ಎಂಬ ಮಾತಿನದ್ದು ಇನ್ನೊಂದು ತೊಡಕು. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ‘ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ’ ಎಂದು ಹೇಳಿ ಕೂರಿಸಿದರು. ಕರಡಿ ಬಿಡಲೇ ಇಲ್ಲ. ಏನನ್ನು ಯೋಚಿಸಬಾರದೋ ಅದು ಬಂತೇ ಎಂದು ಕಾಯುವುದಕ್ಕೂ ಮನಸ್ಸು ಅದನ್ನೇ ಹಿಡಿದಿಟ್ಟುಕೊಳ್ಳಬೇಕಲ್ಲ. ‘ಫೌಲ್ ಮಾಡ್ಬೇಡ’, ‘ಟೆನ್ಶನ್ ಮಾಡ್ಕೊಳ್ಬೇಡ’ ಎಂಬ ನಿಮ್ಮ ಪ್ರೀತಿಯ ಮಾತು ಮಾಡುವ ಕೆಲಸವೂ ಅಷ್ಟೇ. ಆ ಎರಡೂ ವಾಕ್ಯಗಳನ್ನು ಇಂದಿನಿಂದಲೇ ನಿಲ್ಲಿಸಿ. ಇಡೀ ಉತ್ತರದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಗಮನಕ್ಕೆ ಒಂದು ಕೆಲಸ ಕೊಡುವುದು

ಗಮನವನ್ನು ಖಾಲಿ ಬಿಡಲಾಗದು, ಅದಕ್ಕೊಂದು ಕೆಲಸ ಕೊಡಬೇಕು. ಗೇಬ್ರಿಯೆಲೆ ವುಲ್ಫ್ ಮತ್ತಿತರರು ಅನೇಕ ಕ್ರೀಡೆಗಳಲ್ಲಿ ಮಾಡಿದ ಅಧ್ಯಯನಗಳ ಸಾರ ಇಷ್ಟು: ಗಮನ ದೇಹದ ಭಾಗದ ಮೇಲಿರುವುದಕ್ಕಿಂತ ಹೊರಗಿನ ಗುರಿಯ ಮೇಲಿದ್ದಾಗ ಚಲನೆ ಚೆನ್ನಾಗಿ ಬರುತ್ತದೆ. ‘ಮೊಣಕಾಲು ಎತ್ತು’ ಎನ್ನುವ ಬದಲು ‘ಪಿಟ್‌ನ (ಮರಳಿನ ಹೊಂಡದ) ಆಚೆ ಕಾಣುವ ತೆಂಗಿನ ಮರದ ತಲೆಯ ಕಡೆಗೆ ಹೋಗು’ ಎನ್ನಬೇಕು. ಮೈದಾನ ಬದಲಾದರೆ ಮರ ಬದಲಾಗುತ್ತದೆ. ಹೋದ ಕೂಡಲೇ ಪಿಟ್‌ನ ಹಿಂದೆ, ಕಣ್ಣಿನ ಎತ್ತರಕ್ಕಿಂತ ತುಸು ಮೇಲೆ ಒಂದು ವಸ್ತು ಆರಿಸಿಕೊಳ್ಳುವುದು ಅವಳ ಮೊದಲ ಕೆಲಸ: ದೀಪದ ಕಂಬವೋ, ನೀರಿನ ಟ್ಯಾಂಕೋ. ಬೋರ್ಡನ್ನು ಓಟ ಶುರುವಾಗುವ ಮೊದಲು ನೋಡಿಕೊಂಡರೆ ಆಯಿತು. ಓಡುವಾಗ ಅದು ದೃಷ್ಟಿಯ ಕೆಳ ಅಂಚಿನಲ್ಲಿ ಇದ್ದೇ ಇರುತ್ತದೆ, ಕಾಲಿಗೆ ಬೇಕಾದ ಮಾಹಿತಿ ಅಲ್ಲಿಂದಲೇ ಸಿಗುತ್ತದೆ. ಕೊನೆಯ ಎರಡು ಹೆಜ್ಜೆಗಳಲ್ಲಿ ತಲೆ ತಗ್ಗಿಸಬಾರದು.

ಜೊತೆಗೆ ಒಂದು ಶಬ್ದ, ಒಂದೇ. ಮನೆಯಲ್ಲಿ ತುಳು ಆಡುವವರಾದರೆ ತುಳುವಿನದ್ದೇ ಇರಲಿ: ‘ಬಲಿಪು’ (ಓಡು) ಎಂದುಕೊಂಡು ಓಡುವ ಹುಡುಗಿಗೆ ಮತ್ತೇನನ್ನೂ ಅನುವಾದಿಸಿಕೊಳ್ಳಬೇಕಾಗಿಲ್ಲ. ಶಬ್ದವನ್ನು ಅವಳೇ ಆರಿಸಬೇಕು, ನೀವಲ್ಲ.

ಇನ್ನು ಆ ಒಂದು ನಿಮಿಷ. ನಿಯಮದ ಪ್ರಕಾರ ಸರದಿ ಬಂದ ಮೇಲೆ 60 ಸೆಕೆಂಡ್ ಇರುತ್ತದೆ. ಆ ಹೊತ್ತು ಖಾಲಿ ಇದ್ದರೆ ಚಿಂತೆ ತುಂಬಿಕೊಳ್ಳುತ್ತದೆ. ಹಾಗಾಗಿ ಪ್ರತಿ ಜಿಗಿತಕ್ಕೂ, ಅಭ್ಯಾಸದ್ದಾದರೂ ಕೂಟದ್ದಾದರೂ, ಒಂದೇ ಕ್ರಮ. ಹಿಂದಿನ ಆಟಗಾರ್ತಿ ಓಡಲು ನಿಂತಾಗ ಇವಳು ಎರಡು ಉಸಿರು ತೆಗೆಯಬೇಕು: ಮೂಗಿನಿಂದ ಒಳಗೆ 4 ಸೆಕೆಂಡ್, ಬಾಯಿಯಿಂದ ನಿಧಾನವಾಗಿ ಹೊರಗೆ 6 ಸೆಕೆಂಡ್. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ಇಳಿಯುತ್ತದೆ, ಅದಕ್ಕೇ ಬಿಡುವ ಉಸಿರು ಉದ್ದವಾಗಿರಬೇಕು. ಹೆಸರು ಕರೆದ ಮೇಲೆ ಗುರುತಿನ ಹತ್ತಿರ ನಡೆದು ಹೋಗುವುದು, ಕೈಕಾಲು ಒಮ್ಮೆ ಝಾಡಿಸಿ ಸ್ಥಳದಲ್ಲೇ ಎರಡು ಚುರುಕಾದ ಪುಟಿತ. ಗುರುತಿನ ಮೇಲೆ ಪಾದ, ಮರದ ತಲೆಯ ಮೇಲೆ ಎರಡು ಮೂರು ಸೆಕೆಂಡ್ ನೆಟ್ಟ ನೋಟ, ಶಬ್ದ, ಓಟ. ಹೆಸರು ಕರೆದ ಮೇಲಿನ ಇಷ್ಟಕ್ಕೆ ಒಟ್ಟು 20ರಿಂದ 25 ಸೆಕೆಂಡ್. ಪುಟಿತ ಯಾಕೆಂದರೆ, ಲಾಂಗ್ ಜಂಪ್‌ಗೆ ಶಾಂತ ದೇಹ ಸಾಲದು, ಬಿಸಿಯಾದ ದೇಹ ಬೇಕು. ರೈಫಲ್ ಶೂಟಿಂಗ್ ಮಾಡುವವರಿಗೆ ಹೇಳುವ ಉಸಿರಾಟವನ್ನೇ ಇವಳಿಗೂ ಹೇಳಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಿಸಿದರೆ ಚೈತನ್ಯವೇ ಇಳಿದುಹೋಗುತ್ತದೆ. ನಾನು ಬಹಳ ಕಡೆ ಕಾಣುವ ತಪ್ಪು ಇದು.

ನಮ್ಮ ಯಕ್ಷಗಾನದ ಚೌಕಿಯನ್ನು, ಅಂದರೆ ವೇಷ ಕಟ್ಟುವ ಜಾಗವನ್ನು, ನೋಡಿದವರಿಗೆ ಈ ಕ್ರಮ ಹೊಸದೇನಲ್ಲ. ಮುಖಕ್ಕೆ ಬಣ್ಣ, ಕಸೆ ಬಿಗಿಯುವುದು, ಗೆಜ್ಜೆ, ಕಿರೀಟ. ಪ್ರತಿ ರಾತ್ರಿಯೂ ಅದೇ ಅನುಕ್ರಮ. ರಂಗಸ್ಥಳಕ್ಕೆ ಹೋಗುವ ಹೊತ್ತಿಗೆ ಕಲಾವಿದರ ಮನಸ್ಸು ಬೇರೆಲ್ಲೂ ಹೋಗಲು ಜಾಗ ಇರುವುದಿಲ್ಲ.

ಕ್ರಮ ಬೇರೆ, ಶಕುನ ಬೇರೆ. ಕ್ರಮದಲ್ಲಿ ಇರುವುದೆಲ್ಲ ಅವಳ ಕೈಯಲ್ಲೇ ಇರಬೇಕು. ‘ಆ ನೀಲಿ ಸಾಕ್ಸ್ ಇದ್ದರೆ ಮಾತ್ರ’ ಎಂದಾದರೆ ಸಾಕ್ಸ್ ಮರೆತ ದಿನ ಕಥೆ ಮುಗಿಯಿತು. ಮನೆಯಿಂದ ಹೊರಡುವಾಗ ದೇವರಿಗೆ ಕೈ ಮುಗಿಯುವುದು ಒಳ್ಳೆಯದೇ, ಮನಸ್ಸಿಗೆ ಬಲ ಬರುತ್ತದೆ. ಆದರೆ ‘ನೀನು ರಾಜ್ಯಕ್ಕೆ ಆಯ್ಕೆ ಆದರೆ ಕಟೀಲು ಮೇಳದ ಯಕ್ಷಗಾನ ಆಟ ಆಡಿಸುತ್ತೇನೆ ಅಂತ ಹರಕೆ ಹೊತ್ತಿದ್ದೇನೆ’ ಎಂದು ಮಗುವಿಗೆ ಹೇಳಬೇಡಿ. ಹರಕೆ ನಿಮ್ಮ ಮತ್ತು ದೇವಿಯ ನಡುವಿನದ್ದು. ಅದರ ಭಾರ ಅವಳ ಓಟದ ಮೇಲೆ ಬೀಳಬಾರದು.

ಎದೆ ಹೊಡೆದುಕೊಳ್ಳುವುದಕ್ಕೆ ಬೇರೆ ಹೆಸರು

1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಹುಟ್ಟಿದ ಮಾತೊಂದಿದೆ: ಉದ್ವೇಗ ತೀರಾ ಕಡಿಮೆಯಾದರೂ ಕೆಲಸ ಕೆಡುತ್ತದೆ, ತೀರಾ ಹೆಚ್ಚಾದರೂ ಕೆಡುತ್ತದೆ, ಕೆಲಸ ಕಷ್ಟದ್ದಾದಷ್ಟೂ ಬೇಗ ಕೆಡುತ್ತದೆ. ಮನುಷ್ಯರ ವಿಷಯದಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಅದೇ ಎದೆಬಡಿತವನ್ನು ನಾವು ಏನೆಂದು ಓದಿಕೊಳ್ಳುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಡುವ, ಭಾಷಣ ಮಾಡುವ, ಗಣಿತ ಬಿಡಿಸುವ ಮೊದಲು ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಉತ್ಸಾಹವಾಗಿದೆ’ ಎಂದುಕೊಂಡವರು ಚೆನ್ನಾಗಿ ಮಾಡಿದರು. ಹೊಡೆದುಕೊಳ್ಳುವ ಎದೆಯನ್ನು ಶಾಂತವಾಗಿದೆ ಎಂದು ನಂಬಿಸುವುದು ಕಷ್ಟ, ಮೈ ತಯಾರಾಗುತ್ತಿದೆ ಎಂದು ನಂಬಿಸುವುದು ಸುಲಭ. ಮಗಳು ‘ಅಪ್ಪಾ, ಎದೆ ಡವಡವ ಅಂತಿದೆ’ ಎಂದರೆ ‘ಏನಿಲ್ಲ, ಏನಿಲ್ಲ’ ಎನ್ನಬೇಡಿ. ‘ಹೌದಾ, ಮೈ ಬಿಸಿಯಾಗಿದೆ ಹಾಗಾದ್ರೆ’ ಎನ್ನಿ.

ಕರಾವಳಿಯವರಿಗೆ ಇದರಲ್ಲೊಂದು ವಿಶೇಷ ಇದೆ. ಇಲ್ಲಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಸುಮ್ಮನೆ ಬಿಸಿಲಲ್ಲಿ ಕೂತರೂ ಹೃದಯದ ಬಡಿತ ಏರುತ್ತದೆ. ಬಿಸಿಲಿನಿಂದ ಏರಿದ ಬಡಿತವನ್ನು ಮಕ್ಕಳು ಹೆದರಿಕೆ ಎಂದುಕೊಳ್ಳುತ್ತಾರೆ. ಜಿಗಿತಗಳ ನಡುವೆ ನೆರಳಿನಲ್ಲಿ ಕೂರಲಿ, ಕುತ್ತಿಗೆಗೆ ಒದ್ದೆ ಟವಲ್ ಹಾಕಲಿ, ನೀರು ಗುಟುಕು ಗುಟುಕಾಗಿ ಕುಡಿಯಲಿ.

ವಾರಕ್ಕೊಮ್ಮೆ ಸುಳ್ಳು ಕೂಟ

ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಕೆಲವರು ಹತ್ತುವ ಅಭ್ಯಾಸಕ್ಕೆಂದೇ ಇರುವ ಗೋಡೆಯ (ಕ್ಲೈಂಬಿಂಗ್ ವಾಲ್) ಮೇಲೆ ಎತ್ತರದಲ್ಲಿ ನಿಂತು ಡಾರ್ಟ್ ಎಸೆಯುವ ಅಭ್ಯಾಸ ಮಾಡಿದರು, ಕೆಲವರು ನೆಲದ ಹತ್ತಿರ ಆರಾಮವಾಗಿ ಅಭ್ಯಾಸ ಮಾಡಿದರು. ಸ್ವಲ್ಪ ಆತಂಕದಲ್ಲಿ ಅಭ್ಯಾಸ ಮಾಡಿದವರ ಗುರಿ ಆಮೇಲೆ ಆತಂಕ ಬಂದಾಗಲೂ ಕೆಡಲಿಲ್ಲ. ಆತಂಕ ಇಲ್ಲವಾದದ್ದಲ್ಲ, ಆತಂಕ ಇದ್ದಾಗಲೂ ಗಮನವನ್ನು ಎಲ್ಲಿಡಬೇಕು ಎಂದು ಕಲಿತಿದ್ದರು. ಶೂಟರ್ ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮೊದಲು ಜರ್ಮನಿಯಲ್ಲಿ 40 ಅಡಿಯ ಕಂಬ ಹತ್ತಿದ್ದೂ ಹೆದರಿಕೆಯೊಳಗೆ ಇದ್ದು ಅಭ್ಯಾಸವಾಗಲಿ ಎಂದೇ. ಮಗಳಿಗೆ ಕಂಬ ಬೇಡ, ಶನಿವಾರ ಸಂಜೆ ಸಾಕು.

ಹೀಗೆ ಮಾಡಿ. ಅಂದು ಮೂರೇ ಜಿಗಿತ. ಎದೆಗೆ ನಂಬರ್, ಕೂಟದ ಉಡುಪು. ವಾರ್ಮಪ್ ಮುಗಿದ ಮೇಲೆ 20 ನಿಮಿಷ ಸುಮ್ಮನೆ ಕೂರಬೇಕು, ಯಾಕೆಂದರೆ ಕೂಟದಲ್ಲಿ ಕಾಯುವುದೇ ದೊಡ್ಡ ಪರೀಕ್ಷೆ. ಒಬ್ಬರು ಹೆಸರು ಕೂಗಿ ಕರೆಯಲಿ, ವಾಚ್ ಹಿಡಿಯಲಿ, ಬೋರ್ಡಿನ ಬಳಿ ನಿಂತು ಫೌಲ್ ನೋಡಲಿ. ಜಿಗಿತಗಳ ನಡುವೆ 10ರಿಂದ 15 ನಿಮಿಷ ಬಿಡುವು. ಮೈದಾನದ ಉಳಿದ ಹುಡುಗ ಹುಡುಗಿಯರು ಪಿಟ್ ಬದಿಯಲ್ಲಿ ನಿಂತು ನೋಡಲಿ, ಒಬ್ಬರು ವಿಡಿಯೊ ಮಾಡಲಿ. ಸಣ್ಣದೊಂದು ಪಣವೂ ಇರಲಿ: ಮೂರರಲ್ಲಿ ಎರಡು ಸರಿ ಬೀಳದಿದ್ದರೆ ಅಂದು ಪಿಟ್‌ನ ಮರಳು ಹದ ಮಾಡುವ ಕೆಲಸ ಅವಳದ್ದು. ಅವಮಾನ ಮಾಡುವ ಶಿಕ್ಷೆ ಬೇಡವೇ ಬೇಡ. ಅದರಿಂದ ಕಲಿಯುವುದು ಹೆದರಿಕೆಯನ್ನು ಮಾತ್ರ. ಮೊದಲ ಎರಡು ಮೂರು ಶನಿವಾರ ಫಲಿತಾಂಶ ಕೆಟ್ಟದ್ದೇ ಬರಬಹುದು. ಕೆಟ್ಟರೆ ಒತ್ತಡ ನಿಜವಾಗಿಯೂ ಹುಟ್ಟಿದೆ ಎಂದರ್ಥ, ನಿಲ್ಲಿಸಬೇಡಿ. ಆರು ಶನಿವಾರಗಳಾದ ಮೇಲೆ ನೋಟ್‌ಬುಕ್ ನೋಡಿ ತೀರ್ಮಾನಿಸಿ. ಕೂಟದ ಹಿಂದಿನ ವಾರ ಮಾತ್ರ ಸುಳ್ಳು ಕೂಟ ಬೇಡ, ಹೊಸ ಪ್ರಯೋಗ ಯಾವುದೂ ಬೇಡ.

ಜಾಗದ ವಿಷಯವನ್ನೂ ಮರೆಯಬಾರದು. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಮುಳುಗುಗಾರರಿಗೆ ಶಬ್ದಗಳ ಪಟ್ಟಿ ಕಲಿಸಿದಾಗ ನೀರಿನಡಿ ಕಲಿತದ್ದು ನೀರಿನಡಿಯಲ್ಲೇ, ದಡದಲ್ಲಿ ಕಲಿತದ್ದು ದಡದಲ್ಲೇ ಹೆಚ್ಚು ನೆನಪಾಯಿತು. ಮಗಳ ಅಭ್ಯಾಸ ಸಿಂಥೆಟಿಕ್ ಟ್ರ್ಯಾಕ್ ಮೇಲೆ. ತಾಲೂಕು ಮಟ್ಟದ ಕೂಟ ಎಷ್ಟೋ ಸಲ ಮಳೆ ಇನ್ನೂ ಬಿಡದ ದಿನಗಳಲ್ಲಿ, ಯಾವುದೋ ಶಾಲೆಯ ಮಣ್ಣಿನ ಮೈದಾನದಲ್ಲಿ. ನೆಲ ಮೆದು, ಹೆಜ್ಜೆ ಸಣ್ಣದಾಗುತ್ತದೆ, ಅಜ್ಜರಕಾಡಿನ ರನಪ್ ಅಳತೆ ಅಲ್ಲಿ ಹೊಂದುವುದಿಲ್ಲ. ತಿಂಗಳಿಗೆ ಎರಡು ಸಲವಾದರೂ ಊರಿನ ಶಾಲಾ ಮೈದಾನದಲ್ಲಿ, ಒದ್ದೆ ನೆಲದಲ್ಲೂ, ರನಪ್ ಓಡಿಸಿ ಮಣ್ಣಿಗೆ ಬೇರೆ ಅಳತೆ ಬರೆದಿಟ್ಟುಕೊಳ್ಳಿ. ಜಾರುವಷ್ಟು ಕೆಸರಿದ್ದರೆ ಜಿಗಿತ ಬೇಡ, ಓಟ ಮಾತ್ರ.

ಜೋರು ಮಳೆಯ ದಿನಗಳಿಗೆ ಮನಸ್ಸಿನೊಳಗಿನ ಅಭ್ಯಾಸ ಇದೆ. ಹಾಸಿಗೆಯಲ್ಲಿ ಮಲಗಿ ಅಲ್ಲ. ಸ್ಪೈಕ್ಸ್ ಹಾಕಿ, ಜಗಲಿಯಲ್ಲಿ ಗುರುತಿನ ಮೇಲೆ ನಿಂತ ಭಂಗಿಯಲ್ಲೇ ನಿಂತು, ಕ್ರಮದ ಉಸಿರು ತೆಗೆದು, ತನ್ನ ಕಣ್ಣಿನಿಂದಲೇ ರನ್‌ವೇ ಕಾಣುವ ಹಾಗೆ ಕಲ್ಪಿಸಿಕೊಳ್ಳಬೇಕು. ಅವಳ ವಯಸ್ಸಿಗೆ 14 ಹೆಜ್ಜೆಯ ರನಪ್ ಎಂದರೆ ನಾಲ್ಕೈದು ಸೆಕೆಂಡ್. ಕಲ್ಪನೆಯ ಓಟ ಹತ್ತು ಸೆಕೆಂಡ್ ಹಿಡಿದರೆ ಅವಳು ಓಡುತ್ತಿಲ್ಲ, ತನ್ನನ್ನು ದೂರದಿಂದ ನೋಡುತ್ತಿದ್ದಾಳೆ. ವಾಚ್ ಇಟ್ಟು ನೋಡಿ. ಐದು ನಿಮಿಷ, ವಾರಕ್ಕೆ ಮೂರು ದಿನ. ಪ್ರತಿ ಸಲವೂ ಒಂದು ಫೌಲನ್ನೂ ಕಲ್ಪಿಸಿಕೊಳ್ಳಲಿ: ಕೆಂಪು ಬಾವುಟ ಎದ್ದಿತು, ತಿರುಗಿ ನಡೆದಳು, ಟವಲ್ ತೆಗೆದುಕೊಂಡಳು, ಗುರುತನ್ನು ಒಂದು ಪಾದ ಹಿಂದಿಟ್ಟಳು, ಮುಂದಿನ ಸರದಿಗೆ ಕೂತಳು. ಫೌಲ್ ಆದ ಮೇಲೆ ಏನು ಮಾಡಬೇಕೆಂದು ಮೊದಲೇ ಗೊತ್ತಿದ್ದರೆ ಫೌಲಿನ ಹೆದರಿಕೆ ಅರ್ಧ ಇಳಿಯುತ್ತದೆ. ಪೀಟರ್ ಗೋಲ್ವಿಟ್ಸರ್ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಮುಂಚಿತ ನಿರ್ಧಾರಗಳ ಬಗ್ಗೆ ಮಾಡಿದ ಕೆಲಸ ಹೇಳುವುದೂ ಇದನ್ನೇ: ಆ ಗಳಿಗೆ ಬಂದಾಗ ಯೋಚಿಸಬೇಕಾಗಿಲ್ಲ, ಕೈ ತಾನಾಗಿ ಹೊರಡುತ್ತದೆ.

ಮೊದಲ ಜಿಗಿತದ ಬಗ್ಗೆ ಕೋಚ್ ಜೊತೆ ಒಂದು ಒಪ್ಪಂದ ಇರಲಿ. ಗುರುತನ್ನು ಒಂದು ಪಾದದಷ್ಟು ಹಿಂದಿಟ್ಟು, ಪೂರ್ಣ ವೇಗದಲ್ಲಿ, ದಾಖಲೆಗೆ ಒಂದು ಅಳತೆ ಬರುವ ಹಾಗೆ ಹಾರುವುದು. ಕೆಲವು ಸೆಂಟಿಮೀಟರ್ ಕಳೆದುಹೋದರೂ ಉಳಿದ ಎರಡನ್ನು ಹಗುರಾಗಿ ಹಾರಬಹುದು. ವೇಗ ಕಡಿಮೆ ಮಾಡಿ ‘ಸೇಫ್’ ಆಗುವುದಲ್ಲ, ಗುರುತು ಸರಿಸಿ ಸೇಫ್ ಆಗುವುದು.

ಇನ್ನು ನಿಮ್ಮ ಸಭೆ

ನಿಮ್ಮದು ಓಡುವ ಕೆಲಸವಲ್ಲ, ನೆನಪಿನಿಂದ ತೆಗೆದು ಹೇಳುವ ಕೆಲಸ. ತಲೆಯಲ್ಲಿ ಆ ಕ್ಷಣಕ್ಕೆ ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಚಿಕ್ಕದು. ‘ನಿರ್ದೇಶಕರು ಏನೆಂದುಕೊಳ್ಳುತ್ತಾರೋ’ ಎಂಬ ಚಿಂತೆ ಅದರಲ್ಲಿ ಕೂತರೆ ಅಂಕಿಗೆ ಜಾಗವಿಲ್ಲ. ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೆ ಮೊದಲು ಸುಮಾರು ಹತ್ತು ನಿಮಿಷ ತಮ್ಮ ಚಿಂತೆಗಳನ್ನು ಬರೆದಿಳಿಸಿದ, ಪರೀಕ್ಷೆಗೆ ಹೆದರುವ ವಿದ್ಯಾರ್ಥಿಗಳ ಅಂಕ ಸುಧಾರಿಸಿತು. ಸಭೆಯ ಬೆಳಿಗ್ಗೆ ಬಾಗಿಲು ಹಾಕಿ ಹತ್ತು ನಿಮಿಷ ಬರೆಯಿರಿ: ಯಾವ ಪ್ರಶ್ನೆಗೆ ಹೆದರಿಕೆ, ಯಾರಿಗೆ ಹೆದರಿಕೆ, ಏನಾದರೆ ಏನಾಗಬಹುದು. ಚಂದದ ಭಾಷೆ ಬೇಡ. ಬರೆದು ಹರಿದುಹಾಕಿ.

ತಯಾರಿಯ ರೀತಿಯೂ ಬದಲಾಗಬೇಕು. ಹಿಂದಿನ ರಾತ್ರಿ ವರದಿಯನ್ನು ಐದು ಸಲ ಓದಿದರೆ ಗೊತ್ತಿದೆ ಎಂಬ ಭಾವನೆ ಬರುತ್ತದೆ, ಅದು ಮೋಸ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ತೋರಿಸಿದಂತೆ, ಕೆಲವು ದಿನಗಳ ನಂತರ ಹೆಚ್ಚು ಉಳಿಯುವುದು ಮತ್ತೆ ಮತ್ತೆ ಓದಿದ್ದಲ್ಲ, ಪುಸ್ತಕ ಮುಚ್ಚಿ ನೆನಪಿಸಿಕೊಂಡದ್ದು. ಸಭೆಗೆ ಐದು ದಿನ ಇರುವಾಗ ನಾಲ್ಕು ಅಂಕಿ ಆರಿಸಿ: ಠೇವಣಿ, ಹೊರಬಾಕಿ ಸಾಲ, ಸುಸ್ತಿ ಬಾಕಿ, ತಿಂಗಳ ವಸೂಲಾತಿ. ಕಾಗದ ಮುಚ್ಚಿ, ಎದ್ದು ನಿಂತು, ಗಟ್ಟಿಯಾಗಿ ಹೇಳಿ. ಒಂದು ದಿನ ಬಿಟ್ಟು ಒಂದು ದಿನ, ಮೂರು ಸಲ. ಮೂರನೆಯ ಸಲ ಸಹೋದ್ಯೋಗಿಯೊಬ್ಬರನ್ನು ಎದುರು ಕೂರಿಸಿ ಅಡ್ಡಪ್ರಶ್ನೆ ಹಾಕಲು ಹೇಳಿ. ಅದೇ ನಿಮ್ಮ ಸುಳ್ಳು ಕೂಟ. ಬಾಯಿಪಾಠ ಬೇಕಾದ್ದು ಮೊದಲ ವಾಕ್ಯ ಒಂದೇ. ನಾಲ್ಕು ಅಂಕಿಯ ಚೀಟಿ ಮೇಜಿನ ಮೇಲೆ ಇರಲಿ, ಅದನ್ನು ನೋಡಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೂ ತಲೆ ಖಾಲಿಯಾಯಿತು ಎನ್ನಿ. ಅದಕ್ಕೂ ಮೊದಲೇ ಒಂದು ವಾಕ್ಯ ಸಿದ್ಧವಿರಲಿ: ‘ಅಂಕಿ ನೋಡಿ ಹೇಳ್ತೇನೆ ಸರ್.’ ಚೀಟಿ ಎತ್ತಿಕೊಳ್ಳಿ, ಒಂದು ಉದ್ದ ಉಸಿರು ಬಿಡಿ, ಓದಿ. ಆ ನಾಲ್ಕು ಸೆಕೆಂಡ್ ನಿಮಗೆ ಯುಗದಂತೆ ಅನಿಸುತ್ತದೆ, ಎದುರು ಕೂತವರ ಲೆಕ್ಕಕ್ಕೇ ಬರುವುದಿಲ್ಲ. ಸಭೆಗೆ ಮೊದಲು ಮೂರು ಲೋಟ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಒಂದಕ್ಕೆ ಇಳಿಸಿ. ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಅಷ್ಟು ಹೊತ್ತೂ ಕೈ ನಡುಗಿಸಿ ಅದನ್ನು ಹೆದರಿಕೆ ಎಂದು ನಂಬಿಸುತ್ತದೆ.

ಯಾವಾಗ ತಜ್ಞರ ಬಳಿ ಹೋಗಬೇಕು

ಎರಡು ವಾರಕ್ಕೂ ಮಿಕ್ಕಿ ನಿದ್ದೆ ಕೆಟ್ಟರೆ, ಕೂಟದ ಹಿಂದಿನ ದಿನ ಪ್ರತಿ ಸಲವೂ ವಾಂತಿಯಾದರೆ, ಮೈದಾನಕ್ಕೇ ಹೋಗುವುದಿಲ್ಲ ಎಂದು ಕೂತರೆ, ಕಾರಣವಿಲ್ಲದೆ ಅಳುತ್ತಿದ್ದರೆ ಇಲ್ಲಿ ಬರೆದದ್ದು ಸಾಲದು. ಹುಡುಗಿಯರಲ್ಲಿ ಮೂರು ತಿಂಗಳು ಮುಟ್ಟು ನಿಂತರೆ ಅದನ್ನು ‘ಅಭ್ಯಾಸ ಜಾಸ್ತಿ ಆಯ್ತು’ ಎಂದು ತಳ್ಳಿಹಾಕಬೇಡಿ. ತಿನ್ನುವುದು ಶ್ರಮಕ್ಕೆ ಸಾಲದೆ ಹಾಗಾಗಿರಬಹುದು, ಮೂಳೆಗೂ ಅಪಾಯ, ವೈದ್ಯರಿಗೆ ತೋರಿಸಲೇಬೇಕು. ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಖಾಸಗಿಯಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಕೂಡಲೇ ಮಾತಾಡಬೇಕೆನಿಸಿದರೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲೂ ರಾತ್ರಿ, ಕನ್ನಡದಲ್ಲಿಯೂ ಮಾತಾಡುತ್ತಾರೆ.

ಕೊನೆಗೆ ನಿಮ್ಮ ಕೊನೆಯ ಪ್ರಶ್ನೆ. ಕೂಟಕ್ಕೆ ಹೋಗಿ. ಹೋಗದಿದ್ದರೆ ‘ನನ್ನಿಂದ ಬೇಸರವಾಗಿ ಅಪ್ಪ ಬರಲಿಲ್ಲ’ ಎಂದು ಅವಳು ಅಂದುಕೊಳ್ಳಬಹುದು. ಆದರೆ ಬೇಲಿ ಪಕ್ಕ ನಿಲ್ಲಬೇಡಿ. ಪ್ರತಿ ಜಿಗಿತದ ನಂತರ ಮಕ್ಕಳು ಮೊದಲು ನೋಡುವುದು ಅಂಪೈರ್ ಬಾವುಟವನ್ನು, ಮರುಕ್ಷಣ ಅಪ್ಪ ಅಮ್ಮನ ಮುಖವನ್ನು. ಹಿಂದಿನ ದಿನವೇ ‘ನಾನು ಎಲ್ಲಿ ಕೂತರೆ ನಿನಗೆ ಸರಿ?’ ಎಂದು ಕೇಳಿ, ಅವಳು ಹೇಳಿದ ಜಾಗದಲ್ಲಿ ಕೂತುಕೊಳ್ಳಿ. ತಾಂತ್ರಿಕ ಮಾತು ಕೋಚ್ ಒಬ್ಬರದ್ದೇ ಇರಲಿ. ವಾಪಸು ಬರುವ ದಾರಿಯಲ್ಲಿ ಜಿಗಿತದ ವಿಷಯ ಅವಳಾಗಿ ತೆಗೆಯದ ಹೊರತು ನೀವು ತೆಗೆಯಬೇಡಿ. ಹಸಿವಾಗಿರುತ್ತದೆ, ಮೊದಲು ಎಲ್ಲಾದರೂ ನಿಲ್ಲಿಸಿ ತಿಂಡಿ ತಿನ್ನಿಸಿ. ಮಾರನೆಯ ದಿನ ನೋಟ್‌ಬುಕ್ ತೆರೆದಾಗ ಮೂರೇ ಪ್ರಶ್ನೆ: ಚೆಕ್ ಮಾರ್ಕ್ ಎಲ್ಲಿ ಬಿತ್ತು? ಕ್ರಮ ಪೂರ್ತಿ ಮಾಡಿದೆಯಾ? ಮುಂದಿನ ಶನಿವಾರ ಏನು ಬದಲಿಸೋಣ? ಉತ್ತರವನ್ನು ಅವಳೇ ಬರೆಯಲಿ, ಅವಳ ಕೈಬರಹದಲ್ಲೇ.